ಕಾಶವ್ವನ ಹೊಲದ ಹಸಿ

ಕಳೆದ ಚಳಿಗಾಲದ ಕೊನೆಗೆ ಒಂದು ಮದುವೆಗೆಂದು ಅಥಣಿಯಿಂದ ಐಗಳಿ ಕಡೆಗೆ ಹೊರಟಿದ್ದೆ. ದಾರಿಯಲ್ಲಿ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರೊಂದು ನಮ್ಮ ಬಸ್ಸಿಗೆ ಅಡ್ಡವಾಗಿ ಸಾಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದು ಸಾಕಾಗಿ ಸುಮ್ಮನಾದ. ಅರ್ಧ ತಾಸು ಅದರ ಹಿಂದೆಯೇ ಹೋದೆವು. ಕಿಟಕಿಯಿಂದ ಆ ದಂಟಿನ ವಾಸನೆ ಒಳಗೆ ಬರುತ್ತಿತ್ತು. ಹಿಂಗಾರಿ ಜೋಳವನ್ನು ಆ ಕಡೆ ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಹಾಗಾಗಿ ದಂಟಿನ ಸಿಹಿ ವಾಸನೆಯ ಜೊತೆಗೆ ಬೇರಿಗೆ ಅಂಟಿದ ಎರೆಮಣ್ಣಿನ ವಾಸನೆಯೂ ಇರುತ್ತದೆ. ಪಕ್ಕದಲ್ಲಿದ್ದ ಹೆಂಡತಿ, ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದಳು. ನೌಕರಿಯ ಮೊದಲ ವರ್ಷದ ಒಂದು ಹೊಲ, ಆ ಹೊಲದ ಬಗ್ಗೆ ನಾನು ಬರೆದ ಒಂದು ಸಾಲು ನೆನಪಾಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಕೃಷಿ ಸಹಾಯಕನಾಗಿ ನನಗೆ ಐಗಳಿ ಸುತ್ತಿನ ಏಳೆಂಟು ಹಳ್ಳಿಗಳ ಕೆಲಸ ಸಿಕ್ಕಿತ್ತು. ವಯಸ್ಸು ಇಪ್ಪತ್ನಾಲ್ಕು. ನಾನು ಹುಟ್ಟಿ ಬೆಳೆದದ್ದು ಚಿಕ್ಕೋಡಿಯಲ್ಲಿ. ಅಪ್ಪ ಅಲ್ಲಿಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ನಕಲು ಮಾಡುವ ಗುಮಾಸ್ತ. ಊಟಕ್ಕೆ ಕುಳಿತಾಗ ಆ ದಿನ ಯಾರು ಯಾವ ಸುಳ್ಳು ಹೇಳಿದರು, ವಕೀಲರು ಅದನ್ನು ಹೇಗೆ ಹಿಡಿದರು ಎಂಬುದೇ ಮಾತು. ಎದುರಿಗಿರುವವನು ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡೇ ಮಾತಿಗೆ ತೊಡಗುವುದು ನಮ್ಮ ಮನೆಯ ರೂಢಿಯಾಗಿತ್ತು. ಅದನ್ನೇ ನಾನು ಜಾಣತನ ಎಂದು ತಿಳಿದಿದ್ದೆ.

ತಾಲ್ಲೂಕಿನ ಸಾಹೇಬರು ಕೂಡ ಮೊದಲ ದಿನವೇ ಎಚ್ಚರಿಸಿದರು. ನನಗಿಂತ ಮೊದಲಿದ್ದವನು ಹೊಲಕ್ಕೆ ಹೋಗದೆ ಖೋಲಿಯಲ್ಲಿ ಕುಳಿತೇ ಇಳುವರಿ ಬರೆಯುತ್ತಿದ್ದನೆಂಬ ಮಾತಿತ್ತು. ನೀನು ಹೋಗು, ಕಣ್ಣಾರೆ ನೋಡು, ತೂಕ ಮಾಡುವಾಗ ಚೀಲದ ಬಾಯಿಂದ ಕೈ ತೆಗೆಯಬೇಡ ಎಂದರು. ಜನ ಸಿವುಡು, ಎಂದರೆ ಕಟ್ಟಿದ ಜೋಳದ ಕಂತೆ, ಕದಿಯುತ್ತಾರೆ, ಬೇಕಾದರೆ ಸಿವುಡು ಸೇರಿಸುತ್ತಾರೆ ಎಂದೂ ಹೇಳಿದರು.

ಆ ವರ್ಷ ಮುಂಗಾರು ಬರಲೇ ಇಲ್ಲ. ಹಸ್ತ ಮಳೆ ಮಾತ್ರ ಒಂದು ಮಧ್ಯಾಹ್ನ ಬಂದು ಸಂಜೆಯವರೆಗೆ ಹೊಡೆಯಿತು. ಹಳ್ಳಗಳು ಕೆಂಪಾಗಿ, ಕಪ್ಪಾಗಿ ಹರಿದವು. ಮರುದಿನ ಆಕಾಶ ಸ್ವಚ್ಛವಾಗಿದ್ದು ಮತ್ತೆ ಸಂಕ್ರಾಂತಿ ದಾಟಿದರೂ ಒಂದು ಹನಿ ಬೀಳಲಿಲ್ಲ. ಆ ಒಂದು ಮಳೆಯ ಮೇಲೆಯೇ ಎಲ್ಲರೂ ಹಿಂಗಾರಿ ಜೋಳ ಬಿತ್ತಿದ್ದರು. ಪುಷ್ಯ ಮಾಸಕ್ಕೆಲ್ಲ ಎರೆಹೊಲಗಳು ಸೀಳಿ ಬಿಟ್ಟಿದ್ದವು. ಬಿರುಕಿನಲ್ಲಿ ನನ್ನ ಕೈ ಮೊಣಕೈತನಕ ಇಳಿಯುತ್ತಿತ್ತು. ಜೋಳ ಮೊಣಕಾಲೆತ್ತರಕ್ಕೆ ನಿಂತು ಅಲ್ಲಿಯೇ ತೆನೆ ಹಾಕಿತ್ತು. ತೆನೆ ಎಂದರೆ ಹೆಬ್ಬೆರಳಿನಷ್ಟು.

ನಾನು ಹೇಳುವ ಊರು ಐಗಳಿಯಿಂದ ಒಳಗೆ ನಾಲ್ಕು ಮೈಲಿ. ಹೆಸರು ಬೇಡ, ನಾನು ಹೇಳಲಿರುವವರ ಮೊಮ್ಮಕ್ಕಳು ಅಲ್ಲಿದ್ದಾರೆ. ಆ ಊರಿನಲ್ಲಿ ನಾಲ್ಕು ಹೊಲಗಳ ಬೆಳೆಯನ್ನು ಅಳೆದು ತೂಗುವ ಕೆಲಸ ನನ್ನದು. ಯಾವ ನಾಲ್ಕು ಎಂಬುದು ಮೇಲಿನಿಂದ ಬರುವ ಪಟ್ಟಿಯಲ್ಲಿರುತ್ತದೆ. ಚೀಟಿ ಎತ್ತಿದಂತೆ ಆರಿಸಿದ ಸರ್ವೆ ನಂಬರುಗಳು. ಹೊಲದ ಒಂದು ಮೂಲೆಯಿಂದ ಪಟ್ಟಿಯಲ್ಲಿ ಹೇಳಿದಷ್ಟು ಹೆಜ್ಜೆ ನಡೆದು, ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಚೌಕ ಅಳೆದು, ನಾಲ್ಕು ಗೂಟ ಹೊಡೆದು ಬರಬೇಕು. ಕಟಾವಿನ ದಿನ ಆ ಚೌಕದ ಬೆಳೆಯನ್ನಷ್ಟೇ ಕಿತ್ತು, ಬಡಿದು, ತೂರಿ, ತೂಕ ಬರೆಯಬೇಕು. ನಾಲ್ಕೂ ತೂಕಗಳ ಸರಾಸರಿಯೇ ಆ ಊರಿನ ಬೆಳೆ. ಅದು ಒಂದು ಗೆರೆಗಿಂತ ಕೆಳಗೆ ಬಂದರೆ ಊರು ಬರಗಾಲದ ಪಟ್ಟಿಗೆ ಸೇರುತ್ತದೆ, ಸರಕಾರದ ಮೇವಿನ ಡಿಪೋ ತೆರೆಯುತ್ತದೆ. ಮೇಲೆ ಬಂದರೆ ಇಲ್ಲ. ಆ ಊರಿನ ದನಗಳಿಗೆ ಫಾಲ್ಗುಣದಿಂದಾಚೆ ತಿನ್ನಲು ಏನೂ ಇರಲಿಲ್ಲ. ಹಾಗಾಗಿ ನಾನು ಹೊಡೆಯುವ ಆ ಗೂಟಗಳನ್ನು ಇಡೀ ಊರು ನೋಡುತ್ತಿತ್ತು.

ಊರಿನ ಹಿರಿಯರು ದಾದಾಗೌಡರು. ಎತ್ತರದ, ಮೆಲುದನಿಯ ಮನುಷ್ಯ. ಇಂಜಿನ್ ಕೂರಿಸಿದ ಬಾವಿ ಇದ್ದದ್ದು ಆ ಊರಿನಲ್ಲಿ ಅವರೊಬ್ಬರಿಗೇ. ಮೊದಲ ಸಲ ಹೋದಾಗ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟು, ಪಟ್ಟಿಯಲ್ಲಿದ್ದ ನಾಲ್ಕೂ ಸರ್ವೆ ನಂಬರುಗಳನ್ನು ತಾವೇ ಹೇಳಿಬಿಟ್ಟರು. ಪಟ್ಟಿ ನನ್ನ ಚೀಲದಲ್ಲಿ ಲಕೋಟೆಯೊಳಗಿತ್ತು. ನನ್ನ ಜೊತೆ ಟೇಪು ಹಿಡಿಯಲು ಕೊಟ್ಟಿದ್ದ, ಊರ ಚಾಕರಿಯ ವಾಲೀಕಾರ ಲಗಮಣ್ಣನೇ ಚೀಲ ತಡಕಿರಬೇಕೆಂದು ತೀರ್ಮಾನಿಸಿದೆ. ಅಂದಿನಿಂದ ಅವನ ಕೈಗೆ ಚೀಲ ಕೊಡಲಿಲ್ಲ, ಅವನು ತಂದ ನೀರನ್ನೂ ಅನುಮಾನಿಸಿ ಕುಡಿದೆ. ಊರು ಹೊಕ್ಕ ದಿನ ಗಿರಣಿಯ ಮುಂದೆ ನಿಂತು, ಈ ನಾಲ್ಕು ನಂಬರಿನ ಹೊಲಗಳಿಗೆ ದಾರಿ ಯಾವುದು ಎಂದು ನಾನೇ ಹತ್ತು ಜನರನ್ನು ಕೇಳಿದ್ದೆನೆಂಬುದು ಹೊಳೆದದ್ದು ಎರಡು ತಿಂಗಳ ಮೇಲೆ.

ಹಾಗೆಂದು ಎಲ್ಲ ಸಂಶಯವೂ ಸುಳ್ಳಾಗಿರಲಿಲ್ಲ. ಎರಡನೆಯ ಹೊಲದಲ್ಲಿ ಗೂಟ ಹೊಡೆದು ವಾರ ಕಳೆದು ಹೋಗಿ ನೋಡಿದರೆ ಗೂಟಗಳ ಒಳಗಿನ ಜೋಳವಷ್ಟೇ ಮೇಯ್ದು ಹೋಗಿತ್ತು. ಹೊರಗೆ ಒಂದು ಎಲೆಯೂ ಹರಿದಿರಲಿಲ್ಲ. ಹೊಲದವನು ಹಂದಿ ಬಂದಿದ್ದವು ಎಂದ. ನೆಲದ ಮೇಲೆ ಆಡಿನ ಗೊರಸಿನ ಗುರುತುಗಳು ಎದ್ದು ಕಾಣುತ್ತಿದ್ದವು. ಅಳತೆ ಮತ್ತೆ ಬೇರೆ ಕಡೆ ಮಾಡಿದೆ. ಅಲ್ಲಿಂದ ಯಾರು ಏನು ಹೇಳಿದರೂ ಅದರ ಹಿಂದೆ ಆಡಿನ ಗೊರಸು ಹುಡುಕುವುದು ನನಗೆ ಚಟವಾಯಿತು.

ನಾಲ್ಕನೆಯದು ಕಾಶವ್ವನ ಹೊಲ.

ದಿಬ್ಬ ಇಳಿದು ಆ ಹೊಲ ಕಂಡಾಗ ದಾರಿ ತಪ್ಪಿ ಬೇರೆ ಊರಿನ ಸೀಮೆಗೆ ಬಂದೆನೇನೋ ಎಂದುಕೊಂಡೆ. ಜೋಳ ನನ್ನ ಹೆಗಲೆತ್ತರಕ್ಕೆ ನಿಂತಿತ್ತು. ಎಲೆ ಇನ್ನೂ ಹಸಿರು. ತೆನೆ ಹಿಡಿದರೆ ಮುಷ್ಟಿ ತುಂಬುತ್ತಿತ್ತು. ಮೇಲ್ಗಡೆಗೆ ಹೊಂದಿಕೊಂಡೇ ಅವಳ ಮೈದುನ ಬಾಳಪ್ಪನ ಹೊಲ. ಒಂದೇ ಹೊಲವನ್ನು ಹಿಂದೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡದ್ದು. ಅದೇ ಎರೆಮಣ್ಣು, ಅದೇ ಒಂದು ಮಳೆ, ಬೀಜವನ್ನೂ ಇಬ್ಬರೂ ಒಂದೇ ಹಗೇವಿನಿಂದ, ನೆಲದೊಳಗೆ ಕಾಳಿಡುವ ಗುಂಡಿಯಿಂದ, ತೆಗೆದಿದ್ದರು. ಬಾಳಪ್ಪನ ಜೋಳ ಒಣಗಿ ಬಿಳಿಚಿಕೊಂಡು ಮೊಣಕಾಲಿಗೆ ಬರುತ್ತಿತ್ತು. ನಡುವೆ ಇದ್ದದ್ದು ಒಂದು ಒಡ್ಡು ಅಷ್ಟೇ.

ಕಾಶವ್ವನಿಗೆ ಐವತ್ತರ ಮೇಲಾಗಿತ್ತು. ಗಂಡ ತೀರಿಕೊಂಡು ಆರು ವರ್ಷ. ಒಬ್ಬಳೇ ಮಗಳನ್ನು ರಾಯಬಾಗ ಕಡೆಯ ಪಾಲಬಾವಿಗೆ ಕೊಟ್ಟಿದ್ದಳು. ಒಂದು ಎಮ್ಮೆ, ಒಂದು ಎತ್ತು ಇಟ್ಟುಕೊಂಡು ತಾನೇ ಬೇಸಾಯ ಮಾಡುತ್ತಿದ್ದಳು. ಇನ್ನೊಂದು ಎತ್ತು ಬಾಳಪ್ಪನದು. ಇಬ್ಬರೂ ಜೋಡಿ ಕಟ್ಟಿಕೊಂಡು ಸರದಿಯಂತೆ ಹೊಲ ಮಾಡುತ್ತಿದ್ದರು. ಆ ಸಲ ಬೆಳೆ ಹೀಗೆ ಬಂದ ಮೇಲೆ ಬಾಳಪ್ಪ ಎತ್ತು ಕೊಡುವುದು ನಿಲ್ಲಿಸಿದ್ದ.

ಏನು ಗೊಬ್ಬರ ಹಾಕಿದಿರಿ ಎಂದು ಕೇಳಿದೆ. ರಾತ್ರಿ ಹೊಲದಲ್ಲಿ ಕುರಿಹಿಂಡು ತರುಬಿಸಿದ್ದೆ ಎಂದಳು. ನೀರು ಎಷ್ಟು ಸಲ ಬಿಟ್ಟಿರಿ ಎಂದು ಕೇಳಿದೆ, ಕೋರ್ಟಿನ ವಕೀಲರ ಹಾಗೆ, ಬಿಟ್ಟದ್ದು ಗೊತ್ತೇ ಇದೆ ಎಂಬ ದನಿಯಲ್ಲಿ. ಕಳೆ ಕೀಳುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಬಗ್ಗಿದಳು. ಆ ಮೌನವನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡೆ.

ಬಾಳಪ್ಪನನ್ನು ಕೇಳಿದರೆ ಅವನದು ಇನ್ನೊಂದು ದೂರು. "ನನ್ನ ಹೊಲದ ಮಣ್ಣ ಆಕಿ ಹೊಲಕ ಹೋಗೇತ್ರಿ. ನನ್ನ ನೀರೂ ಆಕೀನ ಕುಡದಾಳ," ಎಂದ. ಹೇಗೆ ಎಂದರೆ, ನೋಡಿದರ ಕಾಣೂದಿಲ್ಲೇನ್ರಿ ಎಂದ. ಊರಿನಲ್ಲಿ ಒಬ್ಬೊಬ್ಬರದೂ ಒಂದೊಂದು ಮಾತು. ಗೌಡರ ಬಾವಿಯ ಕಾಲುವೆ ಅವಳ ಹೊಲದಿಂದ ಎರಡು ಹೊಲದಾಚೆ ಹಾಯುತ್ತದೆ, ಇಂಜಿನ್ ನಡೆಯುವಾಗ ಒಡೆದುಕೊಂಡಿರಬೇಕು ಎಂದರು ಕೆಲವರು. ಅವಳು ಅಮಾವಾಸ್ಯೆಗೊಮ್ಮೆ ಬಾಳಪ್ಪನ ಹೊಲಕ್ಕೆ ಏನೋ ಎಸೆಯುತ್ತಾಳೆ ಎಂದರು ಇನ್ನು ಕೆಲವರು. ಅರ್ಧ ಬೆಳೆಯನ್ನು ಎಳೆಯದಾಗಿರುವಾಗಲೇ ಕಿತ್ತುಹಾಕಿದ ಹುಚ್ಚಿ ಅವಳು, ಅವಳಿಗೆ ಇಷ್ಟು ಬೆಳೆ ಹೇಗೆ ಬಂತು ಎಂದು ಲಗಮಣ್ಣನೂ ಕೇಳಿದ. ಅವರೆಲ್ಲ ಯಾಕೆ ಹೀಗೆ ಹೇಳುತ್ತಿದ್ದಾರೆ ಎಂಬುದರ ಮೇಲೂ ನನಗೆ ಸಂಶಯವಿತ್ತು. ಅವಳ ಹೊಲ ಲೆಕ್ಕದಿಂದ ಹೊರಗೆ ಹೋದರೆ ಊರಿಗೆ ಲಾಭ. ಆದರೂ ನನ್ನ ಕಣ್ಣ ಮುಂದಿದ್ದ ಹಸಿರು ಜೋಳಕ್ಕೆ ನೀರಲ್ಲದೆ ಬೇರೆ ಕಾರಣ ನನಗೆ ಹೊಳೆಯಲಿಲ್ಲ. ಒಂದು ಕಟ್ಟಿಗೆಯಿಂದ ಮಣ್ಣು ಕೆದರಿ ನೋಡಿದೆ. ಮೇಲೆ ಹಿಟ್ಟಿನಂಥ ಒಣ ಪುಡಿ, ನಾಲ್ಕು ಬೆರಳು ಕೆಳಗೆ ಕಪ್ಪಗೆ ಹಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಯಿತು. ಮಳೆ ಬಂದು ನಾಲ್ಕು ತಿಂಗಳಾಗಿತ್ತು. ನನಗೆ ಅಷ್ಟು ಸಾಕಾಯಿತು.

ಆ ಸಂಜೆ ಖೋಲಿಯಲ್ಲಿ ಕುಳಿತು ಫಾರ್ಮಿನ ಷರಾ ಕಾಲಮಿನಲ್ಲಿ ಬರೆದೆ: 'ಸದರಿ ಹೊಲಕ್ಕೆ ಪಕ್ಕದ ಬಾವಿಯಿಂದ ಕಳವಿನಿಂದ ನೀರು ಹಾಯಿಸಿರುವ ಬಲವಾದ ಸಂಶಯವಿದೆ.' ಅಕ್ಷರ ದುಂಡಗೆ ಬಂದಿದ್ದವು. ಮರುದಿನ ಟಪಾಲಿಗೆ ಹಾಕಿದೆ. ಮಳೆಯಾಶ್ರಿತ ಎಂದು ಪಟ್ಟಿಯಲ್ಲಿದ್ದ ಹೊಲಕ್ಕೆ ನೀರು ಹಾಯಿಸಿದ್ದು ಖಾತ್ರಿಯಾದರೆ ಅದನ್ನು ಬಿಟ್ಟು ಬೇರೆ ಹೊಲ ಆರಿಸಬೇಕೆಂಬ ನಿಯಮ. ಬರೆಯುವಾಗ ದನಗಳಾಗಲಿ ಊರಾಗಲಿ ನನ್ನ ಮನಸ್ಸಿನಲ್ಲಿರಲಿಲ್ಲ. ಸುಳ್ಳು ಹಿಡಿದೆನೆಂಬ ಹಿಗ್ಗು ಮಾತ್ರ ಇತ್ತು.

ಕಟಾವಿಗೆ ಇಟ್ಟ ದಿನ ಸಾಹೇಬರೇ ಜೀಪಿನಲ್ಲಿ ಬಂದರು. ಬೆಳಗಿನ ಒಂಬತ್ತು ಗಂಟೆ. ಚಳಿಗಾಳಿ ಬೀಸುತ್ತಿತ್ತು. ಒಡ್ಡಿನ ಮೇಲೆ ಊರಿನ ಇಪ್ಪತ್ತು ಮೂವತ್ತು ಜನ ಸಾಲಾಗಿ ಕುಳಿತಿದ್ದರು. ಮೊದಲಿನ ಮೂರು ಹೊಲಗಳ ತೂಕ ಆಗಲೇ ಆಗಿತ್ತು. ಮೂರರ ಕಾಳೂ ಸೇರಿ ಒಂದು ಬುಟ್ಟಿ ತುಂಬಿರಲಿಲ್ಲ. ಎಲ್ಲ ನಿಂತದ್ದು ಈ ನಾಲ್ಕನೆಯದರ ಮೇಲೆ. ಗೌಡರು ಕೋಟು ಹಾಕಿಕೊಂಡು ಬಂದು ನಿಂತಿದ್ದರು. ಬಾಳಪ್ಪ ತನ್ನ ಹೊಲದಲ್ಲಿಯೇ ನಿಂತು ಈ ಕಡೆ ನೋಡುತ್ತಿದ್ದ. ಕಾಶವ್ವ ಗೂಟಗಳ ಹತ್ತಿರ ಸೆರಗು ಸಿಕ್ಕಿಸಿಕೊಂಡು, ಕೀಳಲು ಸಿದ್ಧಳಾಗಿ ನಿಂತಿದ್ದಳು.

ಸಾಹೇಬರು ಫೈಲು ತೆಗೆದು ನನ್ನ ಷರಾವನ್ನು ಗಟ್ಟಿಯಾಗಿ ಓದಿದರು. ನನಗೆ ಅದು ಬೇಕಾಗಿರಲಿಲ್ಲ. ಕಾಗದದಲ್ಲಿದ್ದಾಗ ಸರಿ ಕಂಡ ಸಾಲು, ಆ ಬಯಲಿನಲ್ಲಿ ಅಷ್ಟು ಜನರ ನಡುವೆ ಕೇಳಿದಾಗ ಬೈಗುಳದ ಹಾಗಿತ್ತು.

ಕಾಶವ್ವ ಯಾರ ಕಡೆಗೂ ತಿರುಗದೆ ಕೇಳಿದಳು. "ಕಳವು ಅಂತ ಬರದವ್ರ ಯಾರ್ರಿ?"

ಸಾಹೇಬರು ನನ್ನನ್ನು ನೋಡಿದರು. "ನಾನ ಬರದೀನಿ," ಎಂದೆ.

ಅವಳು ಬಯ್ಯಲಿಲ್ಲ, ಅಳಲಿಲ್ಲ. ಹೋಗಿ ಬೇವಿನ ಗಿಡದ ಬುಡದಲ್ಲಿಟ್ಟಿದ್ದ ಗುದ್ದಲಿ ತಂದಳು. ನನ್ನ ಚೌಕದ ಹೊರಗೆ, ಎರಡು ಸಾಲಿನ ನಡುವೆ ಅಗೆಯತೊಡಗಿದಳು. ಮೊಣಕಾಲಾಳದವರೆಗೆ ಅಗೆದು ಒಳಗಿನ ಮಣ್ಣನ್ನು ಸಾಹೇಬರ ಕೈಗೆ ಕೊಟ್ಟಳು. ಹಸಿ ಇತ್ತು. ಮೇಲಿನದಕ್ಕಿಂತ ಕೆಳಗೆ ಹೆಚ್ಚು ಹಸಿ. ಆಮೇಲೆ ಒಡ್ಡು ದಾಟಿ ಬಾಳಪ್ಪನ ಹೊಲದಲ್ಲಿ, ಅವನು ನೋಡುತ್ತಿದ್ದಂತೆಯೇ, ಇನ್ನೊಂದು ಗುಂಡಿ ಅಗೆದಳು. ಅಲ್ಲಿ ಗುದ್ದಲಿ ಕಲ್ಲಿಗೆ ಬಿದ್ದ ಹಾಗೆ ಸಪ್ಪಳ ಮಾಡಿತು. ಹೆಂಟೆಗಳೇ ಎದ್ದವು. ಬಿರುಕು ಗುಂಡಿಯ ತಳಕ್ಕೂ ಇಳಿದಿತ್ತು.

ಮತ್ತೆ ಬಂದು ನಿಂತು, ಉಸಿರು ತಗ್ಗಿದ ಮೇಲೆ ಹೇಳಿದಳು. ಅವಳ ಮಾತೆಲ್ಲ ನನಗೆ ಇಂದಿಗೂ ನೆನಪಿದೆ, ಆಮೇಲಿನ ಮೂವತ್ತು ವರ್ಷ ಊರೂರು ತಿರುಗಿ ನಾನು ಜನರಿಗೆ ಹೇಳಿದ್ದು ಬಹುತೇಕ ಅದನ್ನೇ. ಆಷಾಢದಲ್ಲಿ ಮುಂಗಾರು ಹೋಯಿತೆಂದು ಎಲ್ಲರೂ ಹೊಲ ಬಿಟ್ಟು ಕುಳಿತಾಗ ಅವಳು ಹೊಲದ ತುಂಬ ಸಣ್ಣ ಸಣ್ಣ ಮಡಿ ಕಟ್ಟಿದ್ದಳು, ಚಿಕ್ಕ ಒಡ್ಡುಗಳ ಚೌಕಗಳು. ಕೆಳಗಿನ ದೊಡ್ಡ ಒಡ್ಡನ್ನೂ ಎತ್ತರಿಸಿದ್ದಳು. ಹಸ್ತ ಮಳೆ ಹೊಡೆದಾಗ ಬೇರೆಯವರ ಹೊಲದ ನೀರು ಹಳ್ಳ ಸೇರಿತು, ಅವಳದು ಮಡಿಗಳಲ್ಲಿ ನಿಂತು ಇಂಗಿತು. ಬಾಳಪ್ಪನ ಹೊಲ ಮೇಲಿನದಾದ್ದರಿಂದ ನಡುವಿನ ತಗ್ಗು ಒಡ್ಡು ದಾಟಿ ಅವನ ನೀರೂ, ನೀರಿನ ಜೊತೆಗೆ ಅವನ ಮೆತ್ತನೆಯ ಮೇಲ್ಮಣ್ಣೂ ಅವಳಲ್ಲಿಗೇ ಬಂತು. ಅದನ್ನೂ ಅವಳು ಮುಚ್ಚಿಡಲಿಲ್ಲ. ಸಾಲಿನ ನಡುವೆ ಬೇರೆಯವರಿಗಿಂತ ಒಂದು ಗೇಣು ಹೆಚ್ಚು ಬಿಟ್ಟು ಬಿತ್ತಿದ್ದಳು. ಇದ್ದ ಹಸಿ ಎಷ್ಟು ಗಿಡಕ್ಕೆ ಸಾಕಾಗುತ್ತದೋ ಅಷ್ಟನ್ನೇ ಉಳಿಸಿ ಉಳಿದದ್ದನ್ನು ಕಿತ್ತಳು. ಕಿತ್ತದ್ದು ಎಮ್ಮೆಗೆ ಮೇವಾಯಿತು. ಎಳೆಯ ಜೋಳ ಹಸಿಯಾಗಿ ತಿಂದರೆ ವಿಷವೆಂದು ಎರಡೆರಡು ದಿನ ಬಿಸಿಲಿಗೆ ಬಾಡಿಸಿ ಹಾಕಿದ್ದಳು. ನೆಲ ಸೀಳಲು ತೊಡಗುವ ಮೊದಲೇ ಸಾಲಿನ ನಡುವೆ ಎತ್ತಿನ ಎಡೆಕುಂಟೆ ಹೊಡೆದು, ಹಸಿ ಆರದ ಹಾಗೆ ಮೇಲೆ ಪುಡಿಮಣ್ಣಿನ ಹೊದಿಕೆ ಮಾಡಿದಳು. ಅದನ್ನು ಮೂರು ಸಲ ಮಾಡಿದಳು.

"ಮೂರನೇದಕ್ಕ ಎತ್ತ ಸಿಗಲಿಲ್ರಿ," ಎಂದಳು. ಬಾಳಪ್ಪನ ಕಡೆ ನೋಡಲಿಲ್ಲ. "ಕುರ್ಚಿಗಿ ಹಿಡದ ಕುಂತ ಕುಂತ ಕೆದರೀನಿ. ಹದಿನೆಂಟ ದಿನ ಆತು."

ಕಳೆ ತೆಗೆಯುವ ಆ ಚಿಕ್ಕ ಕುರ್ಚಿಗಿ ಹಿಡಿದು ಅವಳು ಅಲ್ಲಿ ಕುಳಿತು ನೆಲ ಕೆದರುತ್ತಿದ್ದುದನ್ನು ಒಡ್ಡಿನ ಮೇಲಿದ್ದವರೆಲ್ಲ ನೋಡಿಯೇ ಇದ್ದರು. ಕಳೆ ಕೀಳುತ್ತಾಳೆಂದು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಸಾಹೇಬರು ಕಾಲುವೆಯವರೆಗೆ ನಡೆದು ಹೋಗಿ ನೋಡಿ ಬಂದರು. ನಡುವಿನ ಎರಡು ಹೊಲದಲ್ಲಿ ನೀರು ಹರಿದ ಗುರುತು ಇರಲಿಲ್ಲ. ಹಳೆಯ ಜಾಲಿ ಮುಳ್ಳು ಬಿದ್ದಲ್ಲೇ ಬಿದ್ದಿತ್ತು, ಅದರ ಮೇಲೆ ಧೂಳು ಕುಳಿತಿತ್ತು.

ಆಗ ದಾದಾಗೌಡರು ಮುಂದೆ ಬಂದರು. ಮೆಲುದನಿಯಲ್ಲೇ ಹೇಳಿದರು. "ಸಾಹೇಬ್ರ, ಕಳುವಲ್ರಿ ಅದು. ನಾನ ಎರಡ ಸಲ ನೀರ ಕೊಟ್ಟೀನಿ ಆಕೀಗಿ. ವಿಧವಿ ಹೆಣ್ಮಗಳು, ಕೇಳಿದ್ಲು, ಕೊಟ್ಟೆ. ಬೇಕಾದ್ರ ಸಹಿ ಮಾಡ್ತೀನಿ."

ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಎಂಥ ಸುಳ್ಳು! ಕಾಶವ್ವ ಕಳ್ಳಿಯಾಗುವುದಿಲ್ಲ, ಹೊಲ ಲೆಕ್ಕದಿಂದ ಹೊರಗೆ ಹೋಗುತ್ತದೆ, ಊರಿನ ದನಗಳಿಗೆ ಮೇವು ಬರುತ್ತದೆ. ಒಡ್ಡಿನ ಮೇಲಿದ್ದವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಸಾಹೇಬರ ಮುಖವೂ ಸಡಿಲವಾಯಿತು. ನನಗಂತೂ ಮುಳುಗುವವನ ಕೈಗೆ ಹಗ್ಗ ಸಿಕ್ಕ ಹಾಗಾಯಿತು. ನಾನು ಬರೆದದ್ದು ಪೂರ್ತಿ ತಪ್ಪಾಗುತ್ತಿರಲಿಲ್ಲ.

ಕಾಶವ್ವ ಗೌಡರ ಕಡೆಗೆ ತಿರುಗಿದಳು.

"ನೀವು ಕೊಟ್ಟಿಲ್ರಿ ಗೌಡ್ರ, ನಾ ತುಗೊಂಡಿಲ್ಲ," ಎಂದಳು. "ಇವತ್ತ ಕಾಗದದಾಗ ನಿಮ್ಮ ನೀರ ನನ್ನ ಹೊಲಕ ಬಂದ್ರ, ನಾಳಿ ನನ್ನ ಹೊಲ ಯಾರದಾಕ್ಕೈತಿ?"

ಗೌಡರ ಮುಖದಲ್ಲಿ ಏನೂ ಬದಲಾಗಲಿಲ್ಲ. ನಿನ್ನ ಒಳ್ಳೇದಕ್ಕ ಹೇಳಿದೆ ಎಂದಷ್ಟೇ ಹೇಳಿ ಹಿಂದೆ ಸರಿದರು. ಅವರ ಮನಸ್ಸಿನಲ್ಲಿ ಊರಿನ ದನಗಳಿದ್ದವೋ, ಅವಳ ಹೊಲವಿತ್ತೋ, ಎರಡೂ ಇದ್ದವೋ, ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ. ಒಳ್ಳೆಯ ಮನುಷ್ಯನೆಂದು ತೀರ್ಮಾನಿಸಿದ ಮರುಕ್ಷಣವೇ ಆ ಶಾಂತ ಮುಖ ನೆನಪಾಗಿ ಮತ್ತೆ ಅನುಮಾನ ಹುಟ್ಟುತ್ತದೆ.

ಸಾಹೇಬರು ಫೈಲನ್ನು ನನ್ನ ಕೈಗೆ ಕೊಟ್ಟರು. ಬರೆದವನು ನೀನು, ಉಳಿಸುವುದಾದರೆ ಉಳಿಸು, ಹೊಡೆಯುವುದಾದರೆ ಹೊಡಿ, ಪಕ್ಕದಲ್ಲಿ ಸಹಿ ಮಾಡು ಎಂದರು. ಅಷ್ಟು ಜನ ನನ್ನನ್ನು ನೋಡುತ್ತಿದ್ದರು. ಅವರಲ್ಲಿ ಆಡು ಬಿಟ್ಟು ಚೌಕ ಮೇಯಿಸಿದವನೂ ಇದ್ದ. ಅವನ ಮನೆಯ ಮುಂದೆ ಪಕ್ಕೆಲುಬು ಎಣಿಸುವ ಹಾಗಿದ್ದ ಎರಡು ಎತ್ತು ನಾನೇ ನೋಡಿದ್ದೆ. ಷರಾ ಉಳಿಸಿದರೆ ಆ ಎತ್ತುಗಳು ಉಳಿಯುತ್ತವೆ. ಕಾಶವ್ವ ನನ್ನನ್ನು ಬೇಡಲಿಲ್ಲ. ಅವಳಾಗಲೇ ಬಗ್ಗಿ ಗುಂಡಿ ಮುಚ್ಚುತ್ತಿದ್ದಳು.

"ನೀರ ಹಾಯಿಸಿಲ್ರಿ," ಎಂದೆ. "ನಾ ತಪ್ಪ ಬರದೀನಿ."

ಸಾಲಿನ ಮೇಲೆ ಗೆರೆ ಎಳೆದು ಸಹಿ ಮಾಡಿದೆ. ಆಮೇಲೆ ಚೌಕದ ಜೋಳ ಕಿತ್ತೆವು. ತೆನೆ ಮುರಿದು, ಬಡಿದು, ತೂರಿ, ಚೀಲಕ್ಕೆ ತುಂಬಿ ತಕ್ಕಡಿಗೆ ಹಾಕಿದಾಗ ಮೂರು ಹೊಲಗಳ ಕಾಳನ್ನು ಒಟ್ಟು ಹಾಕಿದರೂ ಅದರ ಸಮ ಬರಲಿಲ್ಲ. ಕಣಿಕೆಯನ್ನೂ ತೂಗಿದೆವು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಬರೆದ ಅಂಕಿಯನ್ನು ನೋಡಲು ಕೊನೆಗೆ ಉಳಿದವನು ಲಗಮಣ್ಣನೊಬ್ಬನೇ.

ಊರಿನ ಸರಾಸರಿ ಗೆರೆಯ ಮೇಲೆ ಬಂತು, ಸ್ವಲ್ಪವೇ ಮೇಲೆ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಪಕ್ಕದ ಊರಿನಲ್ಲಿ ಡಿಪೋ ತೆರೆಯಿತು. ಅಲ್ಲಿಯ ದನಕ್ಕಷ್ಟೇ ಮೇವು ಎಂದರು. ಈ ಊರಿನವರು ಅಲ್ಲಿಯ ಬೀಗರ ಹೆಸರು ಹೇಳಿ, ಬೇಡಿ, ಜಗಳ ಮಾಡಿ ಒಂದೆರಡು ಪೆಂಡಿ ತರುತ್ತಿದ್ದರು. ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಕಾಶವ್ವನ ಕಡೆಯಿಂದ ನಾನು ಏನೋ ತಿಂದಿದ್ದೇನೆಂಬ ಮಾತು ಹುಟ್ಟಿ ಐಗಳಿಯ ಚಹಾದಂಗಡಿಗೂ ಬಂತು. ಇನ್ನೊಬ್ಬರನ್ನು ಅನುಮಾನಿಸುವುದು ಅಷ್ಟು ಹಗುರವಾಗಿದ್ದ ನನಗೆ, ಅದು ನನ್ನ ಮೇಲೆ ಬಂದಾಗ ಊಟ ಸೇರದಾಯಿತು.

ಕಾಶವ್ವನಿಗೆ ಇನ್ನೂ ಕಷ್ಟ. ಜೋಳ ಕೀಳಲು ಅವಳ ಹೊಲಕ್ಕೆ ಯಾರೂ ಬರಲಿಲ್ಲ. ಮೂರೂವರೆ ಎಕರೆ ಜೋಳವನ್ನು ಒಂಟಿ ಹೆಂಗಸು ಕೀಳುವುದೆಂದರೆ ಅಂಗೈ ಸುಲಿದುಹೋಗುವ ಕೆಲಸ. ಒಂದು ರವಿವಾರ ನಾನು ಹೋಗಿ ಅಂಗಿಯ ತೋಳು ಮಡಚಿ ನಿಂತೆ. ಅವಳು ಬೇಡವೆಂದಳು.

"ನೀವು ಸರಕಾರದವ್ರು. ನೀವು ಕಿತ್ತರ ಅದಕ್ಕೊಂದ ಮಾತ ಹುಟ್ಟತೈತಿ," ಎಂದಳು. ಮಡಚಿದ ತೋಳು ಇಳಿಸಿಕೊಂಡು ಸೈಕಲ್ ಹತ್ತಿ ಹೊರಟುಬಂದೆ.

ಬಾಳಪ್ಪ ಬಂದದ್ದು ಅದರ ಮರುವಾರ. ಇದನ್ನು ಲಗಮಣ್ಣ ನನಗೆ ಹೇಳಿದ. ಆ ಹೊತ್ತಿಗೆ ನಾನು ಅವನನ್ನು ನಂಬಲು ಶುರುಮಾಡಿದ್ದೆ. ಬಾಳಪ್ಪ ತನ್ನ ಎತ್ತು ಹಿಡಿದುಕೊಂಡು ಬಂದು ಒಡ್ಡಿನ ಮೇಲೆ ನಿಂತನಂತೆ. ಕಾಶವ್ವ ಕೀಳುವುದನ್ನು ನಿಲ್ಲಿಸಲಿಲ್ಲ. ಹಿಡಿದ ಸಾಲು ಮುಗಿಸಿ ಅವಳೇ ಹೇಳಿದಳಂತೆ, ಮಣ್ಣು ನಿನ್ನದೇ ಬಂದದ್ದು, ನೀರೂ ನಿನ್ನದೇ, ಕಣಿಕೆಯಲ್ಲಿ ಅರ್ಧ ಒಯ್ಯಿ ಎಂದು. ಅವನು ಎತ್ತನ್ನು ಬೇವಿನ ಗಿಡಕ್ಕೆ ಕಟ್ಟಿ ಅವಳ ಪಕ್ಕದ ಸಾಲಿಗೆ ಇಳಿದ. ನಾಲ್ಕು ದಿನ ಇಬ್ಬರೂ ಕಿತ್ತರು. ಊರಿನವರು ಇದರಲ್ಲೂ ಏನೋ ಒಳಒಪ್ಪಂದ ಇದೆ ಎಂದರು. ಆದರೆ ಬಾಳಪ್ಪನ ಬಂಡಿಯ ಕಣಿಕೆ ಅವನ ಮನೆಯಲ್ಲಷ್ಟೇ ಉಳಿಯಲಿಲ್ಲ, ಸಿವುಡು ಸಿವುಡಾಗಿ ಆ ಓಣಿಯ ಮೂರು ನಾಲ್ಕು ಮನೆಗಳ ದನ ಮೇಯುವ ದಂದಕ್ಕಿಗಳಿಗೆ ಹೋಯಿತೆಂದೂ ಲಗಮಣ್ಣ ಹೇಳಿದ. ಆಡಿನವನ ಎರಡು ಎತ್ತಿನಲ್ಲಿ ಒಂದು ಉಳಿಯಿತು.

ಮುಂದಿನ ಜ್ಯೇಷ್ಠದಲ್ಲಿ ನನಗೆ ರಾಯಬಾಗ ಕಡೆಗೆ ವರ್ಗವಾಯಿತು. ಹೋಗುವ ಮೊದಲು ಒಂದು ಬೆಳಗ್ಗೆ ಆ ಊರಿಗೆ ಹೋದೆ. ಮಳೆ ಇನ್ನೂ ಬಿದ್ದಿರಲಿಲ್ಲ, ಮೋಡ ಆಡುತ್ತಿತ್ತು. ಬಾಳಪ್ಪನ ಹೊಲದಲ್ಲಿ ಕಾಶವ್ವ ಮತ್ತು ಬಾಳಪ್ಪ ಒಡ್ಡು ಹಾಕುತ್ತಿದ್ದರು. ಎಲ್ಲಿ ಹಾಕಬೇಕೆಂದು ಅವಳೇ ಕೋಲಿನಿಂದ ಗೆರೆ ಎಳೆದು ತೋರಿಸುತ್ತಿದ್ದಳು. ಅದು ಎದ್ದು ನಿಂತರೆ ಅವನ ನೀರು ಅವನಲ್ಲೇ ಉಳಿಯುತ್ತದೆ, ಅವಳ ಹೊಲಕ್ಕೆ ಬರುವುದು ಕಡಿಮೆಯಾಗುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲವೆಂದೇನಲ್ಲ. ದೂರದಲ್ಲಿ ಇನ್ನೂ ಎರಡು ಹೊಲಗಳಲ್ಲಿ ಜನ ಮಣ್ಣು ಎತ್ತುತ್ತಿರುವುದು ಕಂಡಿತು.

ಹೋಗುತ್ತಿದ್ದೇನೆ, ತಪ್ಪಾಯಿತು ಎಂದೆ. ಅದನ್ನು ಹೇಳಲೆಂದೇ ಹೋಗಿದ್ದೆ. ಅವಳು ಬುಟ್ಟಿ ಕೆಳಗಿಟ್ಟು ಕೈಯ ಮಣ್ಣು ಕೊಡವಿದಳು. ಮಗಳು ಪಾಲಬಾವಿಯಲ್ಲಿದ್ದಾಳೆ, ಆ ಕಡೆ ಹೋದರೆ ಕಾಣಿ ಎಂದಳು. ಹೂಂ ಎಂದೆ. ಆಮೇಲೆ ಕೇಳಿದಳು.

"ಆ ಕಾಗದ ಎಲ್ಲೈತ್ರಿ ಈಗ? ನೀವ ಕಳುವು ಅಂತ ಬರದದ್ದು?"

ಕಚೇರಿಯ ಫೈಲಿನಲ್ಲಿದೆ, ಹೊಡೆದು ಹಾಕಿದ್ದೇನೆ, ಸಹಿಯನ್ನೂ ಮಾಡಿದ್ದೇನೆ ಎಂದೆ.

"ನನಗ ಓದಾಕ ಬರೂದಿಲ್ಲ, ಅದಕ್ಕ ಕೇಳ್ತೀನಿ," ಎಂದಳು. "ಗೆರಿ ಹೊಡದ್ರ, ಅದರ ಕೆಳಗಿನ ಅಕ್ಷರ ಮುಚ್ಚತಾವೇನ್ರಿ? ಇಲ್ಲಾ ಕಾಣತಾವ?"

ಸುಳ್ಳು ಹೇಳಬಹುದಿತ್ತು. ಕಾಣುತ್ತವೆ ಎಂದೆ.

ಅವಳು ತಲೆಯಾಡಿಸಿದಳು. ಬುಟ್ಟಿಯನ್ನು ತಲೆಗೆ ಎತ್ತಿಕೊಡಲು ಬಾಳಪ್ಪ ಆಗಲೇ ಹತ್ತಿರ ಬಂದಿದ್ದ.